ಗಿರಣಿ ಗೋಡೆಯ ಮೇಲಿನ ಸೊನ್ನೆ

ಗೋವಿನಜೋಳದ ಸುಳಿಯಲ್ಲಿ ಆ ಹುಳುವನ್ನು ನಮ್ಮ ಊರಲ್ಲಿ ಮೊದಲು ಕಂಡವಳು ನಾನು. ಹೆಸರು ಬಂದದ್ದು ನನ್ನ ತಂಗಿಗೆ.

ಅಂದು ಕಳೆ ತೆಗೆಯಲು ಸಾಲಿನ ನಡುವೆ ಬಗ್ಗಿದ್ದೆ. ಬೆಳೆ ಇನ್ನೂ ಮೊಣಕಾಲೆತ್ತರ. ಎಲೆಗಳ ಮೇಲೆ ಯಾರೋ ದಬ್ಬಣದಿಂದ ಚುಚ್ಚಿದ ಹಾಗೆ ಸಾಲಾಗಿ ತೂತು ಬಿದ್ದಿದ್ದವು. ಸುಳಿಯೊಳಗೆ ಹಸಿ ಕಟ್ಟಿಗೆಯ ಪುಡಿಯಂಥ ಲದ್ದಿ ತುಂಬಿತ್ತು. ಸುಳಿ ಬಿಡಿಸಿದರೆ ಒಳಗೆ ಒಂದು ಕಂದು ಹುಳು, ಗೇಣಿನ ಲೆಕ್ಕಕ್ಕೆ ಬಾರದಷ್ಟು ಸಣ್ಣದು, ಆದರೆ ತಿಂದು ಕೊಬ್ಬಿದ್ದು. ಬೆಳೆಗೆ ಹುಳು ಬೀಳುವುದು ಹೊಸದಲ್ಲ. ಇದು ಮಾತ್ರ ನಾನು ಹಿಂದೆ ಕಂಡದ್ದಲ್ಲ. ಎಲೆಯಲ್ಲಿ ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ತಂದೆ.

"ಹುಳಾ ತಂದು ಮನ್ಯಾಗ ತೋರಸ್ತೀಯಲ್ಲಬೇ, ಕೋಳಿಗೆ ಒಗಿ ಅತ್ಲಾಗ" ಎಂದರು ಅತ್ತೆ.

ತಂಗಿ ಒಗೆಯಲು ಬಿಡಲಿಲ್ಲ. ಕಟ್ಟೆಯ ಮೇಲಿಟ್ಟು, ಕಡ್ಡಿಯಿಂದ ಹೊರಳಿಸಿ ಹೊರಳಿಸಿ ನೋಡಿದಳು. "ನೋಡಕ್ಕಾ, ಬಾಲದ ಹಂತೇಕ ನಾಕು ಚುಕ್ಕಿ ಚೌಕಾಗಿ ಅದಾವು. ತಲಿ ಮ್ಯಾಲೆ ಬಿಳಿ ಗೆರಿ ಐತಿ. ಇದು ನಮ್ಮ ಕಡೀದಲ್ಲ, ಹೊರದೇಶದಿಂದ ಬಂದ ಸೈನಿಕ ಹುಳಾ." ಫೋನಿನಲ್ಲಿ ಫೋಟೋ ತೆಗೆದು ಕೃಷಿ ಇಲಾಖೆಯವರಿಗೆ ಕಳಿಸಿದಳು. ಮರುದಿನವೇ ಮುಂಡರಗಿಯಿಂದ ಜೀಪು ಬಂತು. ಇಳಿದ ಸಾಹೇಬರು, "ಮೊದ್ಲು ಯಾರು ನೋಡಿದ್ರಿ ಇದನ್ನ?" ಎಂದು ಕೇಳಿದರು. ನನ್ನ ಮೈದುನ ಎದೆಯುಬ್ಬಿಸಿ ತನ್ನ ಹೆಂಡತಿಯನ್ನು, ಅಂದರೆ ನನ್ನ ತಂಗಿಯನ್ನೇ, ತೋರಿಸಿದ.

"ನಮ್ಮಕ್ಕ ತಂದಿದ್ಲ್ರಿ ಹೊಲದಿಂದ" ಎಂದಳು ತಂಗಿ.

ಅಷ್ಟರಲ್ಲಿ ಅವರು ಅವಳ ಕೈಗೆ ಜೋಳದ ಗಿಡ ಕೊಟ್ಟು ಫೋಟೋಕ್ಕೆ ನಿಲ್ಲಿಸಿಯಾಗಿತ್ತು. ಅವಳು ಸುಳ್ಳು ಹೇಳಿದ್ದರೆ ಅವಳನ್ನು ದ್ವೇಷಿಸುವುದು ನನಗೆ ಹಗುರವಾಗುತ್ತಿತ್ತು. ನಿಜ ಹೇಳಿಯೂ ಎಲ್ಲವನ್ನೂ ತಾನೇ ಪಡೆದುಕೊಂಡಳಲ್ಲ, ಅದನ್ನು ಸಹಿಸುವುದು ಕಷ್ಟವಾಯಿತು.

ತಂಗಿ ಎಂದರೆ ನನ್ನ ಒಡಹುಟ್ಟಿದವಳೇ, ವಾರಗಿತ್ತಿಯೂ ಅವಳೇ. ನಮ್ಮ ತವರು ಶಿರಹಟ್ಟಿಯ ಹತ್ತಿರದ ಒಂದು ಹಳ್ಳಿ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವ್ವ ಚಕ್ಕಡಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಮನೆ ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದರು. ತಂಗಿಗೆ ಬುತ್ತಿ ಕಟ್ಟಿ, ಹೆರಳು ಹಾಕಿ, ಬಸ್ಸಿನವರೆಗೆ ಬಿಟ್ಟು ಬರುವುದು ನನ್ನ ಕೆಲಸವಾಯಿತು. ಅವಳು ವಿಜ್ಞಾನ ತೆಗೆದುಕೊಂಡು ಪಿಯುಸಿ ಮುಗಿಸಿದಳು. ನಾನು ಹೊಳೆಯ ದಂಡೆಯ ಈ ಊರಿಗೆ, ಕೊರ್ಲಹಳ್ಳಿಯ ಆಚೆಗೆ, ಮದುವೆಯಾಗಿ ಬಂದೆ. ಐದು ವರ್ಷಕ್ಕೆ ಮೈದುನನಿಗೆ ಹೆಣ್ಣು ನೋಡುವ ಮಾತು ಬಂದಾಗ ತಂಗಿಯ ಹೆಸರು ತೆಗೆದವಳೂ ನಾನೇ. ಒಂದೇ ಮನೆಯಲ್ಲಿದ್ದರೆ ಒಬ್ಬರಿಗೊಬ್ಬರು ಆಸರೆ ಎಂದಿದ್ದೆ. ಹೊರಗಿನಿಂದ ಒಬ್ಬಳು ಬಂದು ನನ್ನ ಮೇಲೆ ದರ್ಬಾರು ಮಾಡುವುದು ಬೇಡ ಎಂಬ ಲೆಕ್ಕವೂ ಒಳಗಿತ್ತು.

ಆ ಹುಳು ಬರುವ ತನಕ ಎಲ್ಲ ಸರಿಯಾಗಿಯೇ ಇತ್ತು. ಮನೆಯ ಹಿರಿಸೊಸೆ ನಾನು. ಬೀಗದ ಕೈ ಅತ್ತೆಯ ಹತ್ತಿರವಿದ್ದರೂ ಅಡುಗೆಮನೆಯ ಮಾತು ನನ್ನದು. ತಂಗಿ ನನ್ನ ಗಂಡನ ಎದುರು ನಿಂತು ಮಾತಾಡುತ್ತಿರಲಿಲ್ಲ, ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಿಂದ ಉತ್ತರಿಸುವಳು. ನಮ್ಮ ಕಡೆ ಗಂಡನ ಅಣ್ಣನೆದುರು ಹಾಗೆಯೇ ನಡೆದುಕೊಳ್ಳುವುದು.

ಮರುವರ್ಷದ ಮುಂಗಾರಿಗೆ ಆ ಸೆರಗು ಜಾರಿತು. ಒಂದು ದಿನ ಊಟಕ್ಕೆ ಕುಳಿತ ನನ್ನ ಗಂಡ ನಾನು ಬಡಿಸಿದ ರೊಟ್ಟಿ ಮುರಿಯುತ್ತ, ನನ್ನ ಭುಜದ ಮೇಲಿಂದ ಆಚೆ ನೋಡಿ ಕೇಳಿದ:

"ತಂಗೀ, ನಾಳಿ ಔಷಧ ಹೊಡೀಲ್ಯಾ, ಬ್ಯಾಡೋ?"

"ಈಗ ಬ್ಯಾಡ್ರಿ ಭಾವಾರ. ಬಲಿಯೊಳಗ ಎರಡೇ ಬಿದ್ದಾವು. ತತ್ತಿ ಎಲ್ಲೂ ಕಾಣವಲ್ವು. ಸುಮ್ನ ಹೊಡದ್ರ ಹುಳಾ ತಿನ್ನೋ ಹುಳಾನೂ ಸಾಯ್ತಾವು."

"ಆತು ಹಂಗಾರ" ಎಂದು ಅವನು ತೃಪ್ತಿಯಿಂದ ಮಜ್ಜಿಗೆ ಕುಡಿದ.

ಹದಿಮೂರು ವರ್ಷ ಅವನ ಜೊತೆ ಹೊಲದಲ್ಲಿ ಬೆನ್ನು ಬಗ್ಗಿಸಿದ್ದೇನೆ. ಬಿತ್ತುವುದಕ್ಕೆ ಹದ ಬಂದಿದೆಯೇ ಎಂದಾಗಲಿ, ನೀರು ಯಾವಾಗ ಬಿಡಲಿ ಎಂದಾಗಲಿ ಅವನು ನನ್ನನ್ನು ಒಮ್ಮೆಯೂ ಕೇಳಿದವನಲ್ಲ. ಕೇಳಬೇಕೆಂದು ನನಗೂ ಅನ್ನಿಸಿರಲಿಲ್ಲ. ಅವನು ಬೇರೊಬ್ಬಳನ್ನು ಕೇಳಿದ ಮೇಲೆ ಅನ್ನಿಸಿತು.

ಬಲೆ ಎಂದರೆ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಲಾಳಿಕೆ. ಮೇಲೊಂದು ಮುಚ್ಚಳ, ಕೆಳಗೆ ಉದ್ದನೆಯ ಚೀಲ. ಮುಚ್ಚಳದಡಿ ಹುಣಸೆ ಬೀಜದಷ್ಟು ಒಂದು ರಬ್ಬರ್ ತುಂಡು. ಹೆಣ್ಣು ಪತಂಗದ ವಾಸನೆಯನ್ನು ಅದಕ್ಕೆ ಹಚ್ಚಿರುತ್ತಾರೆ. ಗಂಡು ಪತಂಗಗಳು ಅದನ್ನು ಹುಡುಕಿಕೊಂಡು ಬಂದು ಚೀಲಕ್ಕೆ ಬೀಳುತ್ತವೆ. ಊರ ಹೆಂಗಸರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಮ್ಮ ಮನ್ಯಾನ ಗಂಡಸೂರಿಗೂ ಒಂದು ತರ್ಸವ್ವಾ" ಎಂದು ತಂಗಿಯನ್ನು ಕಾಡಿದ್ದರು. ಕಾಲುವೆಯ ಗುಂಟ ಇರುವ ಹೊಲಗಳಲ್ಲಿ ಅವಳು ಅಂಥ ನಾಲ್ಕು ಬಲೆ ನಿಲ್ಲಿಸಿದ್ದಳು. ಎರಡು ಅವಳ ಪಾಲಿನ ಹೊಲದಲ್ಲಿ, ಒಂದು ನಮ್ಮದರಲ್ಲಿ, ಒಂದು ಪಕ್ಕದ ಹೊಲದ ದೊಡ್ಡವ್ವನದರಲ್ಲಿ. ಈ ದೊಡ್ಡವ್ವ ನಮಗೆ ನೆಂಟಳಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಉಣ್ಣುವ ಹಿರಿಯಳು, ಊರೆಲ್ಲ ಹಾಗೆಯೇ ಕರೆಯುತ್ತಿತ್ತು.

ದಿನಾ ಮುಂಜಾನೆ ತಂಗಿ ನಾಲ್ಕೂ ಚೀಲ ಬಿಚ್ಚಿ ಎಣಿಸುವಳು. ಆಮೇಲೆ ಊರೊಳಗೆ ಬಂದು ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ಅಂಕಿ ಬರೆಯುವಳು. ಅಂಕಿ ಏರಿತೆಂದರೆ ಎರಡು ಮೂರು ದಿನದಲ್ಲಿ ತತ್ತಿ ಬೀಳುತ್ತವೆ ಎಂದರ್ಥ. ಆಗ ಎಲ್ಲರೂ ಹೊಲಕ್ಕೆ ಹೋಗಿ ಎಲೆ ಮಗುಚಿ ನೋಡಬೇಕು. ಅರಳೆ ಹೊದಿಸಿದ ಹಾಗೆ ಗುಂಪಾಗಿ ಅಂಟಿರುವ ತತ್ತಿಗಳನ್ನು ಹೊಸಕಿ ಹಾಕಬೇಕು. ಹುಳು ಮರಿಯಿದ್ದಾಗಲೇ ಸುಳಿಗೆ ಉಸುಕು ಸುಣ್ಣ ಕಲಸಿ ಉದುರಿಸಬೇಕು. ದೊಡ್ಡದಾಗಿ ಸುಳಿಯ ತಳ ಸೇರಿತೆಂದರೆ ಯಾವ ಔಷಧವೂ ಮುಟ್ಟುವುದಿಲ್ಲ. ಹೀಗೆ ಮಾಡಿದ್ದರಿಂದ ಆ ವರ್ಷ ಸುತ್ತಲಿನ ಊರುಗಳಿಗಿಂತ ನಮ್ಮ ಬೆಳೆ ಹಸಿರಾಗಿತ್ತು. ಜೋಳ ಬೀಸಲು ಬಂದವರು ಗಿರಣಿಯ ಗೋಡೆ ನೋಡದೆ ಹೋಗುತ್ತಿರಲಿಲ್ಲ.

ಒಂದು ದಿನ ಮುಂಡರಗಿಯಲ್ಲಿ ರೈತರ ಸಭೆ ಮಾಡಿ ತಂಗಿಯನ್ನು ಮಾತಾಡಲು ಕರೆದರು. ಉಡಲು ಒಳ್ಳೆಯ ಸೀರೆಯಿಲ್ಲವೆಂದು ನನ್ನ ಇಳಕಲ್ ಸೀರೆ ಕೇಳಿದಳು, ಕೊಟ್ಟೆ. ನಿರಿಗೆ ಹಿಡಿದು ಉಡಿಸಿದವಳೂ ನಾನೇ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ. ಮೈಕಿನ ಮುಂದೆ ಮೊದಲು ತೊದಲಿದಳು. ಆಮೇಲೆ ಹುಳುವಿನ ಮಾತು ಬಂದದ್ದೇ ನೀರು ಹರಿದ ಹಾಗೆ ಮಾತಾಡಿದಳು. ಜನ ಚಪ್ಪಾಳೆ ತಟ್ಟಿದರು. ಹೆಗಲಿಗೆ ಶಾಲು ಹೊದಿಸಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು, "ಯಾರ ಮಗಳೋ ಏನೋ, ಹಡದಾಕಿ ಪುಣ್ಯಾ ಮಾಡಿರಬೇಕು" ಎಂದಳು. ಅವಳು ನನ್ನ ತಂಗಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಸೀರೆ ನನ್ನದು ಎಂದು ಹೇಳಬೇಕೆನ್ನಿಸಿತು. ಅದನ್ನೂ ಹೇಳಲಿಲ್ಲ.

ಪೇಪರಿನಲ್ಲಿ ಬಂದ ಫೋಟೋವನ್ನು ಅತ್ತೆ ಅಂಬಲಿ ಹಚ್ಚಿ ಪಡಸಾಲೆಯ ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ "ನಮ್ಮ ಸಣ್ಣ ಸೊಸಿ" ಎಂದು ತೋರಿಸುವರು. ಕಸ ಗುಡಿಸುವಾಗೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಅದಾದ ವಾರಕ್ಕೆ ತಂಗಿ ಲಕ್ಷ್ಮೇಶ್ವರಕ್ಕೆ ಹೋದಳು, ಅಲ್ಲಿಯೂ ಯಾರೋ ಕರೆದಿದ್ದರು. ಮಟಮಟ ಮಧ್ಯಾಹ್ನ, ಕಾಲುವೆಯ ಗುಂಟದ ಹೊಲಗಳಲ್ಲಿ ಯಾರೂ ಇರಲಿಲ್ಲ. ಮೇಲಿನ ಹೊಲದಲ್ಲಿದ್ದ ಮನೆಯವರಿಗೆ ಬುತ್ತಿ ಕೊಟ್ಟು ಹಿಂದಿರುಗುವಾಗ ಬದುವಿನ ಮೇಲೆ ನಿಂತೆ. ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಗೊತ್ತಿತ್ತು. ಒಂದೊಂದೇ ಬಲೆಯ ಮುಚ್ಚಳ ಎತ್ತಿ ರಬ್ಬರ್ ತುಂಡುಗಳನ್ನು ಕಿತ್ತೆ, ನಾಲ್ಕೂ ಬಲೆಗಳದ್ದು. ನಾಲ್ಕು ದಿನ ಅವಳ ಅಂಕಿ ತಪ್ಪಲಿ, ಜನ ಅವಳನ್ನು ಕೇಳುವುದು ಬಿಡಲಿ, ಆಮೇಲೆ ಮತ್ತೆ ಇಟ್ಟರಾಯಿತು ಎಂದುಕೊಂಡೆ. ಅದಕ್ಕೇ ಕಾಲುವೆಗೆ ಒಗೆಯಲಿಲ್ಲ. ಮನೆಯ ಹಿತ್ತಲಲ್ಲಿ, ಹತ್ತಿಕಟ್ಟಿಗೆ ಒಟ್ಟಿದ ಹಿಂದೆ, ಕಲ್ಲುಗೋಡೆಯ ಸಂದಿನಲ್ಲಿ ತುರುಕಿದೆ.

ಮರುದಿನ ಗಿರಣಿಯ ಗೋಡೆಯ ಮೇಲೆ ಸೊನ್ನೆ ಬಂತು. ಅದರ ಮರುದಿನವೂ ಸೊನ್ನೆ.

ನಾನು ಅಂದುಕೊಂಡದ್ದಕ್ಕೆ ತಿರುವುಮುರುವಾಯಿತು. ಸೊನ್ನೆ ಕಂಡು ಜನ ಅವಳನ್ನು ಇನ್ನೂ ಹೊಗಳಿದರು. "ಹುಳಾನ ಇಲ್ದಂಗ ಮಾಡ್ಯಾಳ ನೋಡ್ರಿ" ಎಂದರು. ಹೆಸರುಕಾಳಿನ ಕಾಯಿ ಬಿಡಿಸುವ ಅವಸರದ ದಿನಗಳು ಅವು. ಸೊನ್ನೆ ಇದೆಯಲ್ಲ ಎಂದು ಯಾರೂ ಗೋವಿನಜೋಳದ ಕಡೆ ಹಾಯಲಿಲ್ಲ. ದೊಡ್ಡವ್ವ ಮೊಣಕಾಲು ನೋವೆಂದು ಮನೆಯಲ್ಲೇ ಕುಳಿತಳು. ತಂಗಿಯೊಬ್ಬಳು ಮಾತ್ರ, "ಇದೇನೋ ಸರಿ ಅನ್ನಸವಲ್ದು ನನಗ" ಎಂದು ಒಮ್ಮೆ ಅಂದಳು. ಅವಳೂ ಕಾಯಿ ಬಿಡಿಸುವ ಕೆಲಸದಲ್ಲಿ ಮುಳುಗಿದ್ದಳು. ರಬ್ಬರ್ ಮತ್ತೆ ಇಡಬೇಕೆಂದು ನಾನು ಎರಡು ಸಲ ಹಿತ್ತಲಿಗೆ ಹೋದೆ. ಒಮ್ಮೆ ಅತ್ತೆ ಇದ್ದರು. ಇನ್ನೊಮ್ಮೆ ಯಾರೂ ಇರಲಿಲ್ಲ. ಆದರೂ ಬರಿಗೈಯಲ್ಲಿ ತಿರುಗಿ ಬಂದೆ. ಅವಳು ಸೋಲುವುದನ್ನು ಒಮ್ಮೆ ನೋಡಬೇಕಿತ್ತು ನನಗೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಮುಂಜಾನೆ ಗಿರಣಿಯ ಮುಂದೆ ಕೂಗಾಟ ಕೇಳಿ ಹೋದೆ. ದೊಡ್ಡವ್ವ ಸುಳಿ ಚಿಂದಿಯಾದ ನಾಲ್ಕಾರು ಗಿಡ ಕಿತ್ತು ತಂದು ತಂಗಿಯ ಕಾಲ ಬುಡಕ್ಕೆ ಒಗೆದಿದ್ದಳು.

"ನಿನ್ನ ಗ್ವಾಡಿ ನಂಬಿ ಮನ್ಯಾಗ ಕುಂತೆನಬೇ ನಾ! ಸೊನ್ನಿ ಸೊನ್ನಿ ಅಂತ ಬರದಿ. ನೋಡಿಲ್ಲಿ, ಹೊಲಾ ಪೂರಾ ಜಾಲರಿ ಆಗೇತಿ. ಶಾಲು ಹೊಚ್ಚಿಸ್ಕೊಳ್ಳಾಕ ಮುಂದ, ಹೊಲಾ ನೋಡಾಕ ಹಿಂದ!"

ತಂಗಿ ಬಗ್ಗಿ ಒಂದು ಗಿಡ ಎತ್ತಿ ಸುಳಿ ಬಿಡಿಸಿ ನೋಡಿದಳು. ಸೀಮೆಸುಣ್ಣ ಅವಳ ಕೈಯಲ್ಲೇ ಇತ್ತು. ಸುತ್ತ ನಿಂತವರಲ್ಲಿ ಒಬ್ಬರೂ ಅವಳ ಪರವಾಗಿ ಬಾಯಿ ಬಿಡಲಿಲ್ಲ. ಆ ಕ್ಷಣ ನನಗೆ ಆದದ್ದು ಸಂತೋಷ. ಬಿಸಿಲಲ್ಲಿ ನಡೆದು ಬಂದು ತಂಪು ನೀರು ಕುಡಿದಷ್ಟು ಸಂತೋಷ. ಅದು ಎಷ್ಟು ಹೊತ್ತು ಇತ್ತೆಂದರೆ, ದೊಡ್ಡವ್ವ ಸಿಟ್ಟು ಇಳಿದು ಅಲ್ಲೇ ಗಿರಣಿಯ ಮೆಟ್ಟಿಲ ಮೇಲೆ ಕುಸಿದು, ಆ ಹರಿದ ಎಲೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸವರುವ ತನಕ.

ತಂಗಿ ಅಂದು ಉಣ್ಣಲಿಲ್ಲ. ನಮ್ಮ ಹೊಲ, ಅವಳ ಹೊಲ ಎರಡನ್ನೂ ತಿರುಗಿ ಬಂದಳು. ಅಲ್ಲಿಯೂ ಹುಳು ಹೊಕ್ಕಿತ್ತು. ನನ್ನ ಗಂಡ ಅವಳನ್ನು ಏನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. "ರಬ್ಬರ್ ಬದಲಿ ಮಾಡೂ ದಿನಾ ನಾನೇ ಮರತೆನೇನೋ" ಎಂದು ಅವಳು ತನಗೆ ತಾನೇ ಅಂದುಕೊಳ್ಳುವುದು ಕೇಳಿಸಿತು. ಸಂಜೆ ಹೋಗಿ ಬಲೆಯ ಮುಚ್ಚಳ ಎತ್ತಿ ನೋಡಿದಾಗ ರಬ್ಬರೇ ಇಲ್ಲದ್ದು ಅವಳಿಗೆ ಗೊತ್ತಾಯಿತು. ಗಾಳಿಗೆ ಬಿದ್ದಿರಬೇಕು, ದಿನಾ ಮುಚ್ಚಳ ಎತ್ತಿ ನೋಡಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು. ನಾನು ಒಲೆ ಊದುತ್ತ ಕುಳಿತಿದ್ದೆ.

ಮರುದಿನ ಮುಂಜಾನೆ ಅತ್ತೆ ಹಿತ್ತಲಿನಿಂದ ಕೂಗಿದರು: "ಈ ಕೋಳಿಗೆ ಏನ್ ಬಂದೈತ್ಯೋ, ದಿನಾ ಎದ್ದಕೂಡ್ಲೆ ಆ ಗ್ವಾಡಿ ಹಂತೇಕ ಓಡ್ತಾವು!"

ತಂಗಿ ನೋಡಲು ಹೋದಳು. ನಾನು ಒಲೆಯ ಮುಂದಿಂದ ಏಳುವಷ್ಟರಲ್ಲಿ ಅವಳು ಹತ್ತಿಕಟ್ಟಿಗೆಯ ಕಂತೆ ಎಳೆದಿದ್ದಳು. ಒಳಗೆ ಅವಿತು ಕೂತಿದ್ದ ಕಂದು ಪತಂಗಗಳು ಪುಕುಪುಕು ಎಂದು ಎದ್ದವು; ಕೋಳಿಗಳು ಹಾರಿ ಹಾರಿ ಹಿಡಿದವು. ಊರ ಬಲೆಗೆ ಬೀಳಬೇಕಾದ ಗಂಡು ಪತಂಗಗಳು ಅಷ್ಟೂ ದಿನ ನಮ್ಮ ಹಿತ್ತಲಿಗೆ ಬರುತ್ತಿದ್ದವು. ತಂಗಿ ಸಂದಿನಲ್ಲಿ ಬೆರಳು ಹಾಕಿ ನಾಲ್ಕೂ ರಬ್ಬರ್ ತೆಗೆದಳು. ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕಾ, ಇವು ಇಲ್ಲಿಗೆ ಹ್ಯಾಂಗ ಬಂದ್ವು?"

ಹುಡುಗರು, ಕಾಗೆ, ಇಲಿ, ಏನಾದರೂ ಹೇಳಬಹುದಿತ್ತು. "ನಾನೇ ಇಟ್ಟೆ" ಎಂದೆ.

"ಯಾಕ?"

"ಎಲ್ಲಾರೂ ನಿನ್ನೇ ಕೇಳ್ತಾರು. ನನ್ನ ಗಂಡಾನೂ ನಿನ್ನೇ ಕೇಳ್ತಾನು. ನಿನ್ನ ಸಾಲಿಗೆ ಕಳಿಸಾಕ ನಾ ಸಾಲಿ ಬಿಟ್ಟೆ. ನನಗೇನು ಸಿಕ್ಕಿತು?"

ಅವಳು ಅಳುವಳೆಂದುಕೊಂಡಿದ್ದೆ. ಅಳಲಿಲ್ಲ, ಮುಖ ಗಟ್ಟಿಯಾಯಿತು.

"ನಿನಗ ಅವ್ವ ಸಿಕ್ಕಿದ್ಲು. ನಿನ್ನ ಹಂತೇಕ ಇಟ್ಕೊಂಡ್ಲು, ನನ್ನ ಬಸ್ಸಿಗೆ ಅಟ್ಟಿದ್ಲು. ಸಂಜಿಮುಂದ ನಾ ಬರೂದ್ರಾಗ ನೀವಿಬ್ರೂ ಏನೋ ಮಾತಾಡಿ ನಕ್ಕೋಂತ ಕುಂತಿರ್ತಿದ್ರಿ. ನಾ ಒಳಗ ಬಂದ್ರ ಸುಮ್ನಾಗ್ತಿದ್ರಿ. ಸಾಯೂ ಮುಂದನೂ ಅಕ್ಕನ ಕರೀರಿ ಅಂದ್ಲು. ನಾ ಅಲ್ಲೇ ಕಾಲ್ದೆಸಿ ಕುಂತಿದ್ದೆ. ನಾನೂ ಉರಕೊಂಡೀನಿ ಅಕ್ಕಾ. ಆದ್ರ ಇನ್ನೊಬ್ರ ಹೊಲಕ್ಕ ಬೆಂಕಿ ಹಚ್ಚಿಲ್ಲ."

ಅವಳು ನನ್ನ ಮೇಲೆ ಉರಿದುಕೊಂಡಿದ್ದಳು ಎಂಬುದು ಆ ತನಕ ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನಡಿ, ದೊಡ್ಡವ್ವಗ ಹೇಳು" ಎಂದಳು.

"ನಾ ಒಲ್ಲೆ."

"ನೀ ಹೇಳಲಿಲ್ಲಂದ್ರ ನಾನೂ ಹೇಳೂದಿಲ್ಲ. ತಪ್ಪು ನಂದೇ ಅಂತ ತಿಳ್ಕೊಳ್ಳಿ ಬಿಡು ಊರು." ರಬ್ಬರ್‌ಗಳನ್ನು ಸೆರಗಿಗೆ ಕಟ್ಟಿಕೊಂಡು ಬಲೆಯ ಕಡೆ ಹೊರಟಳು.

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಆ ಒಳ್ಳೆಯತನವನ್ನೂ ಅವಳಿಗೇ ಬಿಟ್ಟುಕೊಡಲು ನನಗೆ ಆಗಲಿಲ್ಲ. ಖರೆ ಹೇಳಬೇಕೆಂದರೆ, ದೊಡ್ಡವ್ವನ ಮನೆಗೆ ನನ್ನನ್ನು ನಡೆಸಿಕೊಂಡು ಹೋದದ್ದು ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಆ ಹೊಟ್ಟೆಕಿಚ್ಚೇ.

ದೊಡ್ಡವ್ವ ಬಾಗಿಲಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನಿಂತೇ ಹೇಳಿಬಿಟ್ಟೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನನ್ನ ಹೊಲಾ ನಿನಗೇನ್ ಮಾಡಿತ್ತಬೇ?" ಎಂದಳು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆಮೇಲೆ ಕೋಲು ಹಿಡಿದು ಎದ್ದಳು. "ಅತ್ತರ ಹುಳಾ ಸಾಯೂದಿಲ್ಲ. ಬುಟ್ಟಿ ತಗೊಂಡು ಬಾ."

ಐದು ದಿನ ನಾನು ಅವಳ ಹೊಲದಲ್ಲಿ ದುಡಿದೆ. ತಂಗಿ ಅಳತೆ ಮಾಡಿ ತೌಡು, ಬೆಲ್ಲದ ನೀರು ಕಲಸಿ ಒಂದು ರಾತ್ರಿ ಹುಳಿಗಿಟ್ಟು, ಬೆಳಿಗ್ಗೆ ಕೈಗವಸು ಹಾಕಿಕೊಂಡು ಅದಕ್ಕೆ ಔಷಧ ಸೇರಿಸಿದಳು. ಸಂಜೆಮುಂದೆ ಚಿಟಿಕೆ ಚಿಟಿಕೆಯಾಗಿ ಸುಳಿಗಳಿಗೆ ಹಾಕಿದೆವು. ಹಗಲೆಲ್ಲ ನಾನು ಸುಳಿ ಬಿಡಿಸಿ ಕೈಯಿಂದ ಹುಳು ಹೆಕ್ಕಿ ಉಪ್ಪುನೀರಿನ ಡಬ್ಬಿಗೆ ಹಾಕಿದೆ. ಜೋಳದ ಎಲೆಯ ಅಂಚು ಕೊಯ್ದು ಮುಂಗೈ ತುಂಬ ಗೆರೆ ಬಿದ್ದವು. ದೊಡ್ಡವ್ವ ಬದುವಿನ ಮೇಲೆ ಕುಳಿತು, "ಅದೊಂದು ಬಿಟ್ಟಿ, ಹಿಂದಕ್ಕ ಬಾ" ಎಂದು ಕೋಲಿನಿಂದ ತೋರಿಸುವಳು. ಅರ್ಧ ಹೊಲ ಉಳಿಯಿತು. ಉಳಿದ ಅರ್ಧವನ್ನು ಕಡಿದು ದನಗಳಿಗೆ ಹಾಕಬೇಕಾಯಿತು. ನಮ್ಮ ಹೊಲದಲ್ಲೂ ಅಷ್ಟೇ. ದೊಡ್ಡವ್ವ ಗಿರಣಿಯ ಮುಂದೆ ಹೋಗಿ, "ನಾ ಅವತ್ತು ಅಂದಿದ್ದು ತಪ್ಪಾತು, ಆ ಹುಡುಗಿದು ಏನೂ ಇಲ್ಲ" ಎಂದಷ್ಟೇ ಹೇಳಿದಳು. ನನ್ನ ಹೆಸರು ಎತ್ತಲಿಲ್ಲ. ಆದರೂ ಐದು ದಿನ ನಾನು ಅಲ್ಲಿ ಯಾಕೆ ದುಡಿದೆನೆಂದು ತಿಳಿದುಕೊಳ್ಳಲು ಊರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಂಡನಿಗೆ ನಾನೇ ಹೇಳಿದೆ. ಅವನು ಹಾರೆ ಕೆಳಗಿಟ್ಟು, "ಒಮ್ಮೆ ಬಾಯಿ ಬಿಟ್ಟು ಅನ್ನಬಾರದಿತ್ತೇನ?" ಎಂದ. ಹದಿನೈದು ದಿನ ಮಾತು ಬಿಟ್ಟ. ಆಮೇಲೆ ಒಂದು ದಿನ, ಕಡಲೆ ಯಾವ ಹೊಲಕ್ಕೆ ಹಾಕೋಣ ಎಂದು ಕೇಳಿದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕೇಳಿಸಿಕೊಂಡು ರೂಢಿಯಿರಲಿಲ್ಲವಲ್ಲ.

ತಂಗಿ ಮಾತು ಬಿಡಲಿಲ್ಲ. ಆದರೆ ಬಲೆ ಮುಟ್ಟಲು ನನ್ನನ್ನು ಬಿಡಲಿಲ್ಲ. ಈಗಲೂ ಶಿರಹಟ್ಟಿಗೋ ಗದಗಿಗೋ ಯಾರಾದರೂ ಕರೆದರೆ ಹೋಗುತ್ತಾಳೆ. ಮೆಣಸಿನಕಾಯಿಗೆ ಕರಿ ನುಸಿ ಬಂದ ಮೇಲೆ ಕರೆಯುವವರು ಹೆಚ್ಚಾಗಿದ್ದಾರೆ. ಹೋಗುವಾಗ ಎಣಿಸುವ ಕೆಲಸವನ್ನು, ಸೀಮೆಸುಣ್ಣವನ್ನು ದೊಡ್ಡವ್ವನಿಗೆ ಒಪ್ಪಿಸುತ್ತಾಳೆ. ಎದುರಿಗೆ ನಾನು ನಿಂತಿರುತ್ತೇನೆ. ಮೊದಲ ಸಲ ಹಾಗೆ ಮಾಡಿದಾಗ, ಕುಂಟುವ ಆ ಮುದುಕಿಯ ಮೇಲೆ ನನಗೆ ಹುಟ್ಟಿದ ಅಸೂಯೆ ನೋಡಿ ನನಗೇ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಅಸೂಯೆ ಹೋಗಲಿಲ್ಲ.

ಹೋದ ಮಳೆಗಾಲದಲ್ಲಿ ತಂಗಿ ಎರಡು ದಿನ ಊರಲ್ಲಿರಲಿಲ್ಲ. ದೊಡ್ಡವ್ವ ಹೊಲದಿಂದ ಬಂದು ಗಿರಣಿಯ ಮುಂದೆ ಏದುಸಿರು ಬಿಡುತ್ತ ನಿಂತಿದ್ದಳು. ನಾನು ಹಿಟ್ಟಿನ ಡಬ್ಬಿ ಹೊತ್ತು ಬಂದೆ.

"ಮೆಟ್ಲಾ ಹತ್ತಾಕ ಆಗವಲ್ದಬೇ. ಹನ್ನೊಂದು ಅಂತ ಬರಿ. ಎಲ್ಲಾರೂ ಹೊಲಾ ನೋಡ್ರಿ ಅಂತನೂ ಬರಿ" ಎಂದು ಸೀಮೆಸುಣ್ಣ ನನ್ನ ಕೈಗಿಟ್ಟಳು.

ಎಷ್ಟೋ ವರ್ಷಗಳ ಮೇಲೆ ಅಷ್ಟು ದೊಡ್ಡ ಅಕ್ಷರ ಬರೆದೆ. ಸಾಲು ಇಳಿಜಾರಾಯಿತು. ಬೀಸಲು ಬಂದವರು ಓದಿಕೊಂಡು ಹೋದರು. ಸಂಜೆಯೊಳಗೆ ಹೊಲಗಳಲ್ಲಿ ಜನ ಎಲೆ ಮಗುಚುವುದು ಕಂಡಿತು.

ಮರುದಿನ ಬಸ್ಸಿಳಿದು ಬಂದ ತಂಗಿ ಗಿರಣಿಯ ಮುಂದೆ ನಿಂತಳು. ನಾನು ನಮ್ಮ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳಿಗೆ ಕೈಬರಹ ಗುರುತು ಸಿಕ್ಕಿತ್ತು. ಚೀಲದಿಂದ ಇನ್ನೊಂದು ಸೀಮೆಸುಣ್ಣ ತೆಗೆದು, ನಾನು 'ಹನೊಂದು' ಎಂದು ಬರೆದಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ಹಾಕಿದಳು. ಆಮೇಲೆ ಕೈ ಝಾಡಿಸಿ ಮನೆಯ ಕಡೆ ಬಂದಳು.

ನನಗೆ ಮೈಯೆಲ್ಲ ಉರಿಯಿತು. ಅವಳಿಗೆಂದು ಚಹಾಕ್ಕೆ ನೀರಿಟ್ಟೆ.